ಉಪ್ಪುನೀರಿನಲ್ಲಿ ಎದೆಬಡಿತ

ಬೈಪಾಸ್ ಆದ ಮೇಲೆ ನನಗೊಂದು ಹೊಸ ಉದ್ಯೋಗ ಸಿಕ್ಕಿತ್ತು: ನನ್ನ ಹೃದಯವನ್ನು ಕಾಯುವುದು. ಮಲಗಿದರೆ ಸಾಕು, ಕಿವಿ ಎದೆಯ ಕಡೆಗೇ ಹೋಗುತ್ತಿತ್ತು. ನಾನು ನಿದ್ದೆಹೋದರೆ ಅದು ನಿಂತೇಬಿಟ್ಟೀತು ಎಂಬ ಭಯ. ಹೃದಯ ಗಟ್ಟಿಯಾಗಿದೆ, ಹೆದರಿಕೆಗೆ ಮಾತ್ರ ತನ್ನಲ್ಲಿ ಮದ್ದಿಲ್ಲ ಎಂದ ಡಾಕ್ಟರರು, ಮಣಿಪಾಲದಲ್ಲಿ ಹೊಸದಾಗಿ ಬಂದ, ಕತ್ತಲಲ್ಲಿ ನೀರ ಮೇಲೆ ಮಲಗಿ ತೇಲುವ ತೊಟ್ಟಿಯನ್ನು ಬೇಕಾದರೆ ಒಮ್ಮೆ ನೋಡಿ ಎಂದರು.

ಈ ತೊಟ್ಟಿ ಹುಟ್ಟಿದ ಕಥೆ ಸೊಗಸಾಗಿದೆ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ವಿಜ್ಞಾನಿಯೊಬ್ಬರಿಗೆ ಸಂಶಯ ಬಂತಂತೆ: ಬೆಳಕು, ಸದ್ದು, ಸ್ಪರ್ಶ ಎಲ್ಲವನ್ನೂ ತಡೆದರೆ ಮಿದುಳು ನಿದ್ದೆಹೋಗುತ್ತದೆಯೆ? ತಾವೇ ಕತ್ತಲ ನೀರಿಗಿಳಿದು ನೋಡಿದರು. ಮಿದುಳು ಮಲಗಲಿಲ್ಲ, ನೆಮ್ಮದಿಯಾಗಿ ಎಚ್ಚರವಿತ್ತು. ಈಗ ಮೈ ತಾನಾಗಿ ತೇಲಲೆಂದು ಆ ನೀರಿಗೆ ಮೂಟೆಗಟ್ಟಲೆ ಎಪ್ಸಮ್ ಉಪ್ಪು ಸುರಿಯುತ್ತಾರೆ. ನಮ್ಮ ಕುಕ್ಕುಂದೂರಿನಲ್ಲಿ ತೆಂಗಿನ ಗರಿ ಹಳದಿಯಾದರೆ ಬುಡಕ್ಕೆ ಹಾಕುವ ಉಪ್ಪೇ ಅದು. ಮನುಷ್ಯರಿಗೂ ಹಾಕಬಹುದೆಂದು ನನಗೆ ತಿಳಿದಿರಲಿಲ್ಲ.

ಸ್ನಾನವೆಂದ ಮೇಲೆ ಎಣ್ಣೆಯಿಲ್ಲದೆ ಹೇಗೆ? ನನ್ನ ಹೆಂಡತಿ ಬೆಳಿಗ್ಗೆಯೇ ಬಿಸಿ ತೆಂಗಿನೆಣ್ಣೆಯನ್ನು ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕಿ, ಮೇಲೊಂದು ಹಳೆಯ ಅಂಗಿ ತೊಡಿಸಿ, ಬಸ್ಸು ಹತ್ತಿಸಿ ತಾನೂ ಬಂದಳು. ತೊಟ್ಟಿ ನೋಡಿಕೊಳ್ಳುವ ಹುಡುಗಿ ನನ್ನ ಮಿಂಚು ಕಂಡು, ನೀರೆಲ್ಲ ಹಾಳಾಗುತ್ತದೆಂದು ಮೆಲ್ಲಗೆ ಹೇಳಿ ಸೋಪು ಕೊಟ್ಟಳು. ದೀಪಾವಳಿಯ ಅಭ್ಯಂಜನಕ್ಕೂ ನಾನು ಅಷ್ಟು ಸೋಪು ಖರ್ಚು ಮಾಡಿದವನಲ್ಲ.

ಮುಚ್ಚಳ ಮುಚ್ಚಿತು. ಕಾಪುವಿನ ಕಡಲಲ್ಲಿ ಮೊಣಕಾಲಿನಾಚೆ ಇಳಿಯದ ನಾನು ಈಜು ಬಾರದೆಯೇ ತೇಲುತ್ತಿದ್ದೆ. ನೀರು ಮೈಯಷ್ಟೇ ಬೆಚ್ಚಗಿತ್ತು. ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ. ಬಿಗಿದುಕೊಂಡಿದ್ದ ಭುಜ ತಾನಾಗಿ ಸಡಿಲವಾಯಿತು. ಆಮೇಲೆ ಒಂದೇ ಸದ್ದು ಉಳಿಯಿತು, ನಾನು ಹೆದರುತ್ತಿದ್ದ ಅದೇ ಸದ್ದು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಕೇಳುತ್ತ ಬಿದ್ದುಕೊಂಡೆ. ಯಾವಾಗಲೋ ಕೇಳುವುದೂ ಮರೆತುಹೋಯಿತು. ಮತ್ತೆ ನೆನಪಾದಾಗ ಅದು ಬಡಿಯುತ್ತಲೇ ಇತ್ತು, ನನ್ನ ಕಾವಲಿಲ್ಲದೆ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಯಾರನ್ನೂ ಕೇಳದೆ ನಡೆದುಬಂದ ಕೆಲಸವಲ್ಲವೇ ಇದು! ಆ ಕತ್ತಲಲ್ಲಿ ಅದಕ್ಕೆ ಕೈಮುಗಿಯಬೇಕೆನಿಸಿತು.

ಬರುವಾಗ ಬಸ್ಸಿನಲ್ಲಿ ಹೆಂಡತಿಯ ಹೆಗಲಿಗೆ ಒರಗಿದವನಿಗೆ ಎಚ್ಚರವಾದದ್ದು ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ. ನಮ್ಮ ಕುಕ್ಕುಂದೂರಿನ ಸ್ಟಾಪು ಹಿಂದೆಯೇ ಹೋಗಿತ್ತು. ಎಬ್ಬಿಸಬಾರದಿತ್ತೇ ಎಂದು ರೇಗಿದೆ. ಅವಳು ಕಣ್ಣುಜ್ಜಿಕೊಂಡಳು.

"ನನಗೂ ನಿದ್ದೆ ಬಂತು ಮಾರಾಯ್ರೆ. ಇಷ್ಟು ದಿನ ನಿಮ್ಮ ಉಸಿರು ಉಂಟಾ ಇಲ್ವಾ ಅಂತ ನೋಡುವುದರಲ್ಲೇ ಬೆಳಗಾಗ್ತಿತ್ತು."

ಒಂದು ಹೃದಯಕ್ಕೆ ಇಬ್ಬರು ಕಾವಲಿದ್ದೆವು. ಅಷ್ಟೊಂದು ಮೌನದಲ್ಲಿ ತೇಲಿ ಬಂದ ನನಗೆ, ಇವಳ ಇಷ್ಟು ರಾತ್ರಿಗಳ ಎಚ್ಚರ ಕೇಳಿಸಿದ್ದು ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳ ಗಲಾಟೆಯ ನಡುವೆ.