ಎಡಗಡೆಯ ಮಸುಕು

ಬ್ಯಾಗಿನ ಜಿಪ್ಪು ಹಾಕದೆ ಬಸ್ಸಿನಿಂದ ಇಳಿಯುವ ಫೋಟೋಗ್ರಾಫರ್ ಹಾನಗಲ್ಲಿನಲ್ಲಿ ಒಬ್ಬನೇ ಇದ್ದಾನೆ, ಅವನು ನಾನು. ಸವಣೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಒಂದೇ ಒಂದು ಒಳ್ಳೆಯ ಲೆನ್ಸು ಟಣ್ ಎಂದು ಕಲ್ಲಿನ ಮೇಲೆ ಬಿತ್ತು. ಗಾಜೇನೋ ಒಡೆದಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ, ಸದ್ದಿಲ್ಲ. ಎದುರಿಗಿದ್ದ ಬಸ್ಸಿನ ವೇಳಾಪಟ್ಟಿಯ ಫೋಟೋ ತೆಗೆದು ನೋಡಿದೆ. ಬಲಗಡೆಯ ಸಮಯವೆಲ್ಲ ಸ್ಪಷ್ಟ, ಎಡಗಡೆಯ ಊರುಗಳೆಲ್ಲ ಮಸುಕು. ಕ್ಯಾಮೆರಾ ತಲೆಕೆಳಗಾಗಿ ಹಿಡಿದು ತೆಗೆದೆ. ಈಗ ಊರುಗಳು ಬಂದವು, ಸಮಯ ಹೋಯಿತು. ಅಂದರೆ ಲೆನ್ಸಿನೊಳಗೆ ಯಾವುದೋ ಗಾಜು ವಾಲಿದೆ. ಕುಳಿತಿದ್ದ ಮಂದಿಯೆಲ್ಲ ಹುಚ್ಚನನ್ನು ನೋಡಿದಂತೆ ನನ್ನನ್ನು ನೋಡುತ್ತಿದ್ದರು.

ರಿಪೇರಿಗೆ ಹುಬ್ಬಳ್ಳಿಗೇ ಹೋಗಬೇಕು. ಆದರೆ ನಾನು ಫೋಟೋ ತೆಗೆಯಬೇಕಿದ್ದ ಕುಬಸ, ಅಂದರೆ ಸೀಮಂತದ ಶಾಸ್ತ್ರ, ಅವತ್ತೇ ಇತ್ತು, ಹತ್ತಿಮತ್ತೂರಿನಲ್ಲಿ. ಬಸುರಿ ಹುಡುಗಿ ಫೋನಿನಲ್ಲಿ ಕೇಳಿದ್ದು ಒಂದೇ: ಈ ಸಲವಾದರೂ ಅವ್ವನ ಜೊತೆ ತನ್ನದೊಂದು ನೆಟ್ಟಗಿನ ಫೋಟೋ ಬೇಕು. ಅವಳ ಮದುವೆಯ ಆಲ್ಬಮ್ಮಿನಲ್ಲಿ ಅವ್ವ ಎಲ್ಲೂ ಇರಲಿಲ್ಲ, ಒಂದೆರಡು ಕಡೆ ಸೀರೆಯ ಸೆರಗು ಬಿಟ್ಟರೆ. ಆ ಆಲ್ಬಮ್ ಮಾಡಿದವನೂ ನಾನೇ. ಗಂಡ ತೀರಿಕೊಂಡ ಮೇಲೆ ಆ ತಾಯಿ ಶುಭಕಾರ್ಯಗಳಲ್ಲಿ ಬಾಗಿಲ ಮರೆಗೇ ನಿಲ್ಲುತ್ತಿದ್ದರು. ನಾನೂ ಅದು ಸಹಜವೆಂಬಂತೆ ಫೋಟೋ ತೆಗೆಯುತ್ತ ಹೋಗಿದ್ದೆ.

ಅವತ್ತೂ ಹಾಗೇ ಆಯಿತು. ಹಸಿರು ಸೀರೆಯುಟ್ಟ ಮಗಳು ನಡುವೆ ಕುಳಿತಳು, ಸುತ್ತ ಮುತ್ತೈದೆಯರು. ತಾಯಿ ಸರಿಯಾಗಿ ನನ್ನ ಎಡಗಡೆಯ ತುದಿಗೆ ಹೋಗಿ ನಿಂತರು, ಮಸುಕಿನೊಳಗೆ. ಮಗಳು ನನ್ನ ಮುಖ ನೋಡಿದಳು.

“ಅವ್ವಾರ, ಆ ಕಡಿ ಲೆನ್ಸ್ ಕೆಟ್ಟೈತ್ರಿ. ನಡುವ ಬರ್ರಿ,” ಎಂದೆ.

“ನಾ ಅಲ್ಲಿ ಬರಬಾರದಪ್ಪ.”

ಹಾಗಾದರೆ ಫೋಟೋ ಬರುವುದೇ ಇಲ್ಲ ಎಂದು ಕ್ಯಾಮೆರಾ ಕೆಳಗಿಳಿಸಿದೆ. ಶಾಸ್ತ್ರ ಕಾಯಲೆಂದೇ ಹುಟ್ಟಿದಂತಿದ್ದ ಹುಡುಗಿಯ ಸೋದರತ್ತೆ ಎದ್ದು ಬಂದು ಕ್ಯಾಮೆರಾದಲ್ಲಿ ಇಣುಕಿದರು, ಮಸುಕನ್ನು ಕಣ್ಣಾರೆ ಕಂಡರು. ಶಾಸ್ತ್ರದ ಮಾತಾಗಿದ್ದರೆ ಸಂಜೆಯವರೆಗೂ ವಾದಿಸುತ್ತಿದ್ದರು, ಕೆಟ್ಟ ಮಷೀನಿನ ಜೊತೆ ಏನು ವಾದ? “ಬಾರವ್ವಾ, ಆ ಕಡಿ ಕೆಟ್ಟೈತಿ,” ಎಂದು ತಾವೇ ಕರೆದರು. ನಡುವೆ ಬಂದ ಅವ್ವನ ಕೈ ಹಿಡಿದ ಮಗಳು, ನಾನು ಫೋಟೋ ತೆಗೆದ ಮೇಲೂ, ಊಟಕ್ಕೆ ಕರೆಯುವವರೆಗೂ ಬಿಡಲಿಲ್ಲ. ನನಗೆ ಖುಷಿಯೂ ಆಯಿತು, ಹಿಂದಿನ ಆಲ್ಬಮ್ ನೆನೆದು ನಾಚಿಕೆಯೂ ಆಯಿತು.

ಮರುದಿನ ಹುಬ್ಬಳ್ಳಿಯಲ್ಲಿ ರಿಪೇರಿಯವರು ಲೆನ್ಸು ಬಿಚ್ಚಿ ತೋರಿಸಿದರು. ಮುಂದಿನ ಗಾಜನ್ನು ಹಿಡಿದಿದ್ದ ಮೂರು ಸಣ್ಣ ಸ್ಕ್ರೂಗಳಲ್ಲಿ ಒಂದು ಸಡಿಲಾಗಿತ್ತು. ಬಿಗಿ ಮಾಡಿ, ಗೋಡೆಗೆ ಅಂಟಿಸಿದ್ದ ಪೇಪರಿನ ಫೋಟೋ ತೆಗೆದು, ಎರಡೂ ಕಡೆಯ ಅಕ್ಷರ ನನ್ನಿಂದ ಓದಿಸಿದರು.

ಲೆನ್ಸು ಈಗ ಹೊಸದರಂತಿದೆ. ಆದರೂ ಯಾರ ಮನೆಯಲ್ಲಾದರೂ ಒಬ್ಬ ತಾಯಿ ಮೆಲ್ಲಗೆ ತುದಿಗೆ ಸರಿದರೆ, ಆ ಕಡೆ ಕೆಟ್ಟಿದೆ ಎಂದೇ ಹೇಳುತ್ತೇನೆ.