ಹೊಗೆಯ ಜೊತೆ ಬರಬೇಕಿದ್ದ ನೀರು

ಭಾವ, ನಿಮ್ಮ ದೋಣಿಯ ಎಂಜಿನ್ ವಯಸ್ಸಾಗಿ ಸಾಯಲಿಲ್ಲ. ಅದು ಸಾಯಲಿ ಎಂದು ನಾನು ಸುಮ್ಮನಿದ್ದೆ. ಬೇಕೆಂದೇ ಸುಮ್ಮನಿದ್ದೆ.

ನಾಲ್ಕು ವರ್ಷದಿಂದ ನೀವು ಬಂದವರಿಗೆಲ್ಲ ಹೇಳುತ್ತೀರಿ — "ನಲವತ್ತೊರ್ಸ ದುಡೀತು, ಮುದಿಯಾಗಿತ್ತು, ಓಯ್ತು." ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿರುತ್ತೇನೆ. ಸಮುದ್ರಕ್ಕೆಂದು ಮಾಡಿದ ಆ ಡೀಸೆಲ್ ಎಂಜಿನ್‌ಗೆ ನಲವತ್ತು ವರ್ಷ ಒಂದು ವಯಸ್ಸೇ ಅಲ್ಲ. ಅದರ ಇಂಗ್ಲಿಷ್ ಪುಸ್ತಕವನ್ನು ನಿಮಗೆ ಓದಿ ಹೇಳಿದವಳು ನಾನೇ ತಾನೆ? ನಿಧಾನಕ್ಕೆ ತಿರುಗುವ ಎಂಜಿನ್, ಆಯಿಲ್ ಚೊಕ್ಕಟವಾಗಿದ್ದು ಮೈ ತಣ್ಣಗಿದ್ದರೆ, ಕೊಂಡವನಿಗಿಂತ ಹೆಚ್ಚು ದಿನ ಬಾಳುತ್ತದೆ.

ಮಂಗಳೂರಿನಿಂದ ಆ ಹಳೆಯ ವಿಹಾರದೋಣಿಯನ್ನು ಲಾರಿಯಲ್ಲಿ ತಂದು ಗೊರೂರಿನ ಹಿನ್ನೀರಿಗೆ ಇಳಿಸಿದಿರಿ. ಅದರ ಎಂಜಿನ್ ಪಕ್ಕ ಕೂತು ಕೂತು ನಿಮ್ಮ ಕಿವಿ ಮಂದವಾಯಿತು. ಆಮೇಲೆ ಎಂಜಿನ್ ವಿಷಯಕ್ಕೆ ನಿಮ್ಮ ಕಿವಿಯೂ ನಾನೇ, ಕಣ್ಣೂ ನಾನೇ. ಮಧ್ಯಾಹ್ನ ಊಟದ ಕ್ಯಾರಿಯರ್ ತಂದರೆ ಎಂಜಿನ್ ಕಡೆ ಕೈತೋರಿಸಿ ದೋಣಿಯಿಂದಲೇ ಕೂಗುತ್ತಿದ್ದಿರಿ — "ಏನಂತಾನೆ ಕಾನ್ವೆಂಟಮ್ಮ, ನಮ್ಮ ಮುದ್ಕ?" ನೀವು ಕೂತಲ್ಲಿಗೆ ಕಾಣದ ಹಿಂದಿನ ಹೊಗೆ ಕೊಳವೆಯನ್ನು ನಾನು ನೋಡುತ್ತಿದ್ದೆ. ಹೊಗೆಯ ಜೊತೆ ನೀರು ಬರಬೇಕು — ಮಗು ಬಾಯಿ ಮುಕ್ಕಳಿಸಿದ ಹಾಗೆ, ಗುಳುಕ್ ಗುಳುಕ್ ಎಂದು. ಬಂದರೆ ಮೈ ತಣ್ಣಗಿದೆ ಎಂದು ಅರ್ಥ.

ಆ ವರ್ಷದ ಆಯುಧಪೂಜೆ ನಿಮಗೆ ನೆನಪಿದೆಯೋ ಇಲ್ಲವೋ. ನನ್ನ ಅಮ್ಮ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದಿದ್ದಳು. ತಾನೇ ಕಟ್ಟಿದ ಚೆಂಡುಹೂವಿನ ಮಾಲೆ ತಂದಿದ್ದಳು. ಮಾಲೆಯನ್ನು ಎಂಜಿನ್‌ಗೆ ಹಾಕಿದಿರಿ. ಅಮ್ಮ ಮುಂದಿನ ಹಲಗೆಯ ಮೇಲೆ, ಸೆರಗು ಹೊದ್ದು, ಚಿಕ್ಕ ಹುಡುಗಿಯ ಹಾಗೆ ಕೂತಿದ್ದಳು. ನೀವು ಎಲ್ಲರೆದುರು, ದಡಕ್ಕೆಲ್ಲ ಕೇಳುವಂತೆ —

"ಅಮ್ಮಾ, ನೀವು ಇಳ್ಕಳಿ. ಪೂಜೆ ಆದ್ಮೇಲೆ ಮೊದಲ್ನೇ ರೌಂಡು ಕಣಮ್ಮ, ಮುತ್ತೈದೇರು ಕೂತ್ಕಳ್ಲಿ."

ಅವಳು ಇಳಿದಳು. ಸೀರೆ ಮೊಣಕಾಲಿನವರೆಗೆ ಒದ್ದೆಯಾಯಿತು. ನನ್ನ ಗಂಡ, ನಿಮ್ಮ ತಮ್ಮ, ಚಪ್ಪಲಿ ಸರಿಮಾಡಿಕೊಳ್ಳುತ್ತಾ ನಿಂತಿದ್ದರು. ಅಮ್ಮ ನನಗೆ ಹೇಳಿದಳು — "ಇರ್ಲಿ ಬಿಡೇ, ನಂಗೆ ನೀರು ಕಂಡ್ರೆ ಭಯ." ಹೇಮಾವತಿಯಲ್ಲಿ ಈಜಿ ಬೆಳೆದವಳು ಅವಳು! ಅವಳ ಹೂವು ಆಗುತ್ತದೆ, ಅವಳು ಆಗುವುದಿಲ್ಲ. ಅವಳು ನಮ್ಮ ಮನೆಗೆ ಮತ್ತೆ ಬರಲಿಲ್ಲ. ಈಗ ಅವಳೇ ಇಲ್ಲ.

ದೀಪಾವಳಿ ಕಳೆದ ಮೇಲೆ ಕೊಳವೆಯ ನೀರು ಸಣ್ಣಗಾಯಿತು. ಹೊಗೆ ಬೆಳ್ಳಗಾಯಿತು, ಸದ್ದು ಒಣಗಿತು. ಒಳಗೆ ನೀರು ತಳ್ಳುವ ರಬ್ಬರ್ ಚಕ್ರ ಸವೆದಿದೆ ಎಂದು ನನಗೆ ಗೊತ್ತಾಯಿತು. ಕೋಡುಬಳೆಯಷ್ಟು ದೊಡ್ಡದು, ಅಷ್ಟೇ. ಹೊಸದೊಂದನ್ನು ನೀವು ಜೋಪಾನವಾಗಿಡಲು ನನಗೇ ಕೊಟ್ಟಿದ್ದಿರಿ. ಅಡುಗೆಮನೆಯಲ್ಲಿ, ಜೀರಿಗೆ ಡಬ್ಬದ ಹಿಂದೆ ಇತ್ತು.

"ಏನಂತಾನೆ ಮುದ್ಕ?"

"ಚೆನ್ನಾಗಿದ್ದಾನೆ ಭಾವ."

ಮೂರು ದಿನ ಹಾಗೆಂದೆ. ಮೂರು ದಿನವೂ ಎಷ್ಟು ಖುಷಿಯಾಯಿತೆಂದರೆ — ಮನೆಗೆ ವಾಪಸ್ ಹೋಗುವ ದಾರಿಯಲ್ಲಿ ಹಾಡಿಕೊಂಡಿದ್ದೆ.

ನಾಲ್ಕನೆಯ ದಿನ ನಡುನೀರಿನಲ್ಲಿ ಎಂಜಿನ್ ನೀರಿಲ್ಲದೆ ಕಾದು, ಕಚ್ಚಿಕೊಂಡು ನಿಂತಿತು. ದೋಣಿಯಲ್ಲಿ ನೀವೊಬ್ಬರೇ ಇದ್ದಿರಿ. ಜನ ಇದ್ದಿದ್ದರೆ ಹೇಳುತ್ತಿದ್ದೆನೇ? ಹೌದು ಎನ್ನಲು ನನಗೆ ಧೈರ್ಯವಿಲ್ಲ. ತೆಪ್ಪದವರು ಎಳೆದು ತಂದರು. ಸುಡುವ ಎಂಜಿನ್ ಮೇಲೆ ಕೈಯಿಟ್ಟು ನೀವು ಕೂತಿದ್ದಿರಿ. ಅಂಗೈ ಬೊಬ್ಬೆ ಬಂದರೂ ತೆಗೆಯಲಿಲ್ಲ. ಆಮೇಲೆ ನನ್ನ ಮುಖ ನೋಡಿ ನೀವೇ ಸಮಾಧಾನ ಮಾಡಿದಿರಿ — "ಅಳ್ಬೇಡ ಕಣಮ್ಮ, ವಯ್ಸಾಗಿತ್ತು." ನಾನು ಅಳುತ್ತಿರಲಿಲ್ಲ, ಭಾವ.

ಅಮ್ಮನನ್ನು ಇಳಿಸಿದ್ದಕ್ಕೆ ಇಂದಿಗೂ ನಿಮ್ಮನ್ನು ಕ್ಷಮಿಸಿಲ್ಲ. ಆದರೆ ಆ ಮುದುಕ ಅಮ್ಮನಿಗೆ ಏನೂ ಮಾಡಿರಲಿಲ್ಲ. ಅವಳ ಮಾಲೆ ಬಾಡಿ ಉದುರುವವರೆಗೂ ಹೊತ್ತುಕೊಂಡಿದ್ದ.

ಇಷ್ಟೆಲ್ಲ ಬರೆದ ಈ ಕಾಗದವನ್ನು ನಿಮ್ಮ ಕೈಗಿಟ್ಟು ಒಳಗೆ ಹೋಗಿಬಿಡಬಹುದು. ಹಾಗೆ ಮಾಡುವುದಿಲ್ಲ. ನಾಳೆ ಬೆಳಿಗ್ಗೆ ಜಗಲಿಯ ಮೇಲೆ ಜೀರಿಗೆ ಡಬ್ಬದ ಹಿಂದಿನ ಆ ಹೊಸ ರಬ್ಬರ್ ಚಕ್ರವನ್ನು ನಿಮ್ಮ ಮುಂದಿಟ್ಟು, ಇದನ್ನು ನಾನೇ ಓದುತ್ತೇನೆ. ನಿಮಗೆ ಕೇಳಿಸಬೇಕಾದರೆ ಕೂಗಿಯೇ ಓದಬೇಕು. ಬೀದಿಗೆಲ್ಲ ಕೇಳಲಿ.