ತಲೆಗೆ ಕೂತ ಮೇಲೆ ಬಿಡು

ವಾರಿಜಕ್ಕನಿಗೆ ಕಾರು ಕಲಿಸಿದ್ದು ನನ್ನ ಅಪ್ಪ ಅಲೋಶಿಯಸ್ ಎಂದು ಇನ್ನಂಜೆಯಲ್ಲಿ ಇಂದಿಗೂ ಹೇಳುತ್ತಾರೆ. ಅಪ್ಪನೂ ಸಾಯುವವರೆಗೆ ಹಾಗೆಯೇ ಹೇಳಿಕೊಂಡು ತಿರುಗಿದರು. ಶುದ್ಧ ಸುಳ್ಳು! ಎರಡು ತಿಂಗಳು ಆ ಕಾರಿನ ಹಿಂಬದಿಯಲ್ಲಿ ಕೂತು ತಲೆ ಚಚ್ಚಿಸಿಕೊಂಡವಳು ನಾನು, ಮೇಬಲ್. ನನ್ನನ್ನು ಕೇಳಿ.

ಅರವತ್ತಮೂರನೇ ಇಸವಿಯ ಮಾತು. ವಾರಿಜಕ್ಕ ಕಾಪುವಿನ ಕಡಲಬದಿಯವಳು. ಅವಳ ತಾಯಿ ಗುಣವತಿಯಮ್ಮ ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತವರು. ಕಾರ್ಕಳದ ಪೇಟೆಯಲ್ಲಿ ಅವರ ಬಂಗುಡೆಗೆಂದೇ ಕಾಯುವ ಮನೆಗಳಿದ್ದವು. ಆ ವರ್ಷ ಕಾರ್ಕಳದ ಬಸ್ಸಿನವರು, ನಾತ ಬರುತ್ತದೆ ಎಂದು, ಬುಟ್ಟಿಯನ್ನು ಟಾಪಿನ ಮೇಲೆಯೂ ಹಾಕಗೊಡಲಿಲ್ಲ. ಅಷ್ಟರಲ್ಲಿ ಗುಣವತಿಯಮ್ಮನ ಕುತ್ತಿಗೆ ಕೈಕೊಟ್ಟಿತು. ಇನ್ನು ತಲೆಯ ಮೇಲೆ ಹೊರೆ ಇಟ್ಟರೆ ಬಲಗೈಯೇ ಹೋದೀತು ಎಂದು ಉಡುಪಿಯ ಡಾಕ್ಟರು ಗದರಿಸಿ ಕಳುಹಿಸಿದರು. ಅವರು ಕೇಳಬೇಕಲ್ಲ! "ಮಗಳು ಹೊರುವಾಗ ನಾನು ಮನೆಯಲ್ಲಿ ಕೂರುವುದುಂಟಾ?" ಎಂದು ಮರುದಿನವೇ ಬುಟ್ಟಿ ಹೊತ್ತು ಹೊರಟರು.

ಆ ವಾರವೇ ವಾರಿಜಕ್ಕ ನಮ್ಮ ಅಂಗಳಕ್ಕೆ ಬಂದಳು. ಅಪ್ಪ ಬಾಡಿಗೆಗೆ ಓಡಿಸಿ ಬಿಟ್ಟಿದ್ದ ಹಳೆಯ ಆಸ್ಟಿನ್ ಕಾರು ಹಲಸಿನ ಮರದ ಕೆಳಗೆ ನಿಂತಿತ್ತು. ಅದರೊಳಗೆ ನಮ್ಮ ಕೋಳಿ ಮೊಟ್ಟೆ ಇಡುತ್ತಿತ್ತು.

"ಪೊರ್ಬುಗಳೇ," ಎಂದಳು. ನಮ್ಮ ಕಿರಿಸ್ತಾನರ ಗಂಡಸರನ್ನು ಊರವರು ಕರೆಯುವುದು ಹಾಗೆ. "ಆ ಕಾರು ನನಗೆ ಕೊಡಿ. ಬಿಡಲಿಕ್ಕೂ ಕಲಿಸಿ. ನಿಮ್ಮ ಮನೆಗೆ ಶುಕ್ರವಾರದ ಮೀನು, ನಾನು ಬದುಕಿರುವವರೆಗೆ."

ಶುಕ್ರವಾರ ಮಾಂಸ ಮುಟ್ಟದ ಮನೆ ನಮ್ಮದು. ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ "ಆಯಿತು" ಎಂದರು. ಗಂಡಸಿನ ಜೊತೆ ಹೆಂಗಸೊಬ್ಬಳೇ ಕಾರಿನಲ್ಲಿ ಹೋದರೆ ಊರ ಬಾಯಿಗೆ ಬೀಳುತ್ತದೆಂದು ನನ್ನನ್ನೂ ಹತ್ತಿಸಿದರು. ಹಿಂದಿನ ಸೀಟನ್ನು ಬುಟ್ಟಿಗಾಗಿ ಕಿತ್ತಿದ್ದರು, ನನಗೆ ಸಿಕ್ಕಿದ್ದು ಒಂದು ಹಲಗೆ.

ಕಾಪು ಪೇಟೆಯಲ್ಲಿ ಸೋಡಾ ಅಂಗಡಿಯ ಲೀಲಾಧರ ಕೂಗಿದ: "ಬಂಗುಡೆಗೆ ಕಾರಾಯಿತು, ಇನ್ನು ಬೂತಾಯಿಗೆ ವಿಮಾನ!"

"ವಿಮಾನ ಬರಲಿ ಮಾರಾಯ, ಅದನ್ನೂ ಕಲಿಯುತ್ತೇನೆ," ಎಂದಳು ವಾರಿಜಕ್ಕ.

ಸ್ಟೇರಿಂಗು ಅವಳಿಗೆ ಮೂರೇ ದಿನದಲ್ಲಿ ಬಂತು. ಗೇರು ಒಂದು ವಾರದಲ್ಲಿ. ಬಾರದ್ದು ಕ್ಲಚ್ಚು ಒಂದೇ. ಕಾಲು ತೆಗೆದ ಕೂಡಲೇ ಕಾರು ಕಪ್ಪೆಯ ಹಾಗೆ ಹಾರಿ ಸತ್ತುಬಿಡುತ್ತಿತ್ತು.

"ಮೆಲ್ಲ ಬಿಡು ಮಾರಾಯ್ತಿ, ಮೆಲ್ಲ!"

"ಮೆಲ್ಲ ಅಂದರೆ ಎಷ್ಟು ಮೆಲ್ಲ ಪೊರ್ಬುಗಳೇ?"

"ಮೆಲ್ಲ ಅಂದರೆ ಮೆಲ್ಲ!"

ಇದು ಅಪ್ಪನ ಪಾಠ! ಇಪ್ಪತ್ತು ವರ್ಷ ಕಾರು ಬಿಟ್ಟ ಅವರ ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಅವಳು ತಿರುಗಿ ಕೇಳಿದರೆ, ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಬೇರೆ ಹಂಗಿಸುತ್ತಿದ್ದರು.

ಒಂದು ಬೆಳಿಗ್ಗೆ, ಭಾರ ಹಾಕಿ ಏರು ಹತ್ತಿಸಿ ನೋಡೋಣವೆಂದು ಬುಟ್ಟಿ ತುಂಬ ಬಂಗುಡೆ ಹಾಕಿಕೊಂಡು ಇನ್ನಂಜೆಯ ಏರಿಗೆ ಹೋದೆವು. ನಡುವೆ ನಿಲ್ಲಿಸಿ ಮತ್ತೆ ಹೊರಡಿಸುವಾಗ ಎಂಜಿನ್ನು ಸತ್ತಿತು. ಕಾರು ಹಿಂದೆ ಹಿಂದೆ ಜಾರಿ, ನಾನು ಯೇಸುವನ್ನು ಕರೆಯುತ್ತಿದ್ದ ಹಾಗೆಯೇ ಗದ್ದೆಗೆ ಇಳಿಯಿತು. ಬಂಗುಡೆಯೆಲ್ಲ ಕೆಸರಿನಲ್ಲಿ. ಅಪ್ಪ ಕಾರು ದೂಡಲು ಜನ ಕರೆಯಲು ಹೋದರು. ನಾವಿಬ್ಬರು ಮೀನು ಹೆಕ್ಕಿ ತೊಳೆದೆವು.

"ಕೈಕೊಡು ಮೇಬಲ್, ತಲೆಗೆ ಎತ್ತು," ಎಂದಳು.

ಎತ್ತಿದೆ. ಮೀನಿನ ನೀರು ಮೈಮೇಲೆ ಬೀಳುತ್ತದೆಂದು ಬೇಗ ಕೈಬಿಟ್ಟೆ. ಬುಟ್ಟಿ ವಾಲಿತು.

"ಏಯ್! ಈಗಲೇ ಬಿಡುವುದಾ? ತಲೆಗೆ ಕೂತ ಮೇಲೆ ಬಿಡು! ಕೈಗೆ ಭಾರ ಕಮ್ಮಿಯಾದದ್ದು ಗೊತ್ತಾಗುವುದಿಲ್ವಾ ನಿನಗೆ?"

ಬೈದವಳು ಬುಟ್ಟಿ ಹೊತ್ತುಕೊಂಡೇ ಬಾಯಿ ತೆರೆದು ನಿಂತಳು. "ಅಯ್ಯೋ ದೇವರೇ, ಇದೇ ಅಲ್ವಾ ಅದು! ಎಂಜಿನ್ನು ತಲೆ. ನನ್ನ ಕಾಲು ಎತ್ತಿಕೊಡುವವರ ಕೈ. ಎಂಜಿನ್ನಿಗೆ ಭಾರ ಕೂತ ಮೇಲೆ ಬಿಡಬೇಕು!"

ಕಾರನ್ನು ರಸ್ತೆಗೆ ತಂದ ಮೇಲೆ ಮೂರನೇ ಸಲಕ್ಕೆ ಆ ಏರು ಹತ್ತಿದಳು. "ನಾನು ಹೇಳಿದ್ದೂ ಅದನ್ನೇ ಅಲ್ವಾ?" ಎಂದರು ಅಪ್ಪ. ನನಗೆ ಮೈಯೆಲ್ಲ ಉರಿಯಿತು.

ಲೈಸೆನ್ಸಿನ ಪರೀಕ್ಷೆ ಮಣಿಪಾಲದ ಏರಿನಲ್ಲಿ. ಪಾಸಾದರೆ ಅಲ್ಲಿಂದಲೇ ಕಾರ್ಕಳಕ್ಕೆ ಎಂದು ಗುಣವತಿಯಮ್ಮ ಬುಟ್ಟಿಯೊಡನೆ ಬಂದಿದ್ದರು. ಇನ್‌ಸ್ಪೆಕ್ಟರು ಮೂಗು ಮುಚ್ಚಿಕೊಂಡು, "ಮೊದಲು ಮೀನು ಇಳಿಸಿ," ಎಂದರು. ವಾರಿಜಕ್ಕ ಅವರನ್ನು ಕೂರಿಸಿಕೊಂಡು ಕೆಳಗಿನ ತಿರುವಿಗೆ ಹೋದಳು. ಅಪ್ಪ, ಗುಣವತಿಯಮ್ಮ, ನಾನು ಬುಟ್ಟಿಯೊಡನೆ ಏರಿನ ನಡುವೆ ಉಳಿದೆವು.

"ನೆಲಕ್ಕಿಟ್ಟರೆ ನಾಯಿ ಬಿಡುತ್ತದಾ? ಎತ್ತಿ ಪೊರ್ಬುಗಳೇ!" ಎಂದು ಗುಣವತಿಯಮ್ಮ ತಲೆಗೆ ಬಟ್ಟೆಯ ಸಿಂಬಿ ಇಟ್ಟುಕೊಂಡರು. ಬೇಡವೆಂದರೆ ಕೇಳಲಿಲ್ಲ. ಅಪ್ಪ ಎತ್ತಿಕೊಟ್ಟರು.

ಕಾರು ಹತ್ತಿ ಬಂದು ನಮ್ಮ ಎದುರೇ ನಿಂತಿತು. ಇನ್‌ಸ್ಪೆಕ್ಟರು ಇಳಿದು ಹಿಂದಿನ ಚಕ್ರದ ಬುಡಕ್ಕೆ ಒಂದು ಬೆಂಕಿಪೊಟ್ಟಣ ಇಟ್ಟರು. "ಈಗ ಹೊರಡು. ಹಿಂದೆ ಜಾರಿ ಇದು ಒಡೆಯಿತೋ, ಮುಂದಿನ ತಿಂಗಳು ಬಾ."

ವಾರಿಜಕ್ಕ ಪೊಟ್ಟಣ ನೋಡಲಿಲ್ಲ. ಅವಳು ನೋಡಿದ್ದು ಬಾಗಿದ ತಾಯಿಯ ಕುತ್ತಿಗೆಯನ್ನು, ನಡುಗುವ ಬಲಗೈಯನ್ನು. ಮುಖ ಕೆಂಪಾಯಿತು.

"ಅದನ್ನು ತೆಗೆಯಿರಿ ಸ್ವಾಮಿ. ಅದು ಒಡೆದರೆ ನನಗೆ ಎಂತ ನಷ್ಟ? ಅಮ್ಮಾ, ಬುಟ್ಟಿ ಇಳಿಸಿ ಚಕ್ರದ ಹಿಂದೆ ಇಡು."

"ಹುಚ್ಚು ಹಿಡಿಯಿತಾ ನಿನಗೆ?"

"ಇಡು ಅಂದೆ!"

ಅಪ್ಪ ಇಳಿಸಿದರು. ಚಕ್ರಕ್ಕೂ ಬುಟ್ಟಿಗೂ ನಡುವೆ ಗೇಣು ಜಾಗ. ನಾನು ಕಣ್ಣು ಮುಚ್ಚಲಿಲ್ಲ, ನನಗೆ ಗೊತ್ತಿತ್ತು. ಎಂಜಿನ್ನು ಏರಿತು, ಭಾರ ಕೂತು ಸ್ವರ ಇಳಿಯಿತು, ಹ್ಯಾಂಡ್‌ಬ್ರೇಕು ಕಟ್ಟೆಂದಿತು. ಕಾರು ಒಂದು ಕೂದಲೆಳೆಯೂ ಹಿಂದೆ ಬಾರದೆ ಏರು ಹತ್ತಿ ಹೋಯಿತು.

ಇನ್‌ಸ್ಪೆಕ್ಟರು ಬೆಂಕಿಪೊಟ್ಟಣ ಹೆಕ್ಕಿ ಸಿಗರೇಟು ಹಚ್ಚಿದರು. "ಪಾಸ್," ಎಂದರು.

ವಾರಿಜಕ್ಕ ತಿರುಗಿ ಬರುವಾಗ ಗುಣವತಿಯಮ್ಮ ಸಿಂಬಿ ಸರಿಮಾಡಿಕೊಂಡು, ಬುಟ್ಟಿ ಎತ್ತಿಕೊಡುವವರಿಗಾಗಿ ಕಾಯುತ್ತಿದ್ದರು. ಅವಳೂ ನಾನೂ ಬುಟ್ಟಿಯನ್ನು ಕಾರಿಗೆ ಹಾಕಿದೆವು. ಅಪ್ಪ ನನ್ನ ಜೊತೆ ಹಲಗೆಯ ಮೇಲೆ ಕೂತರು. "ನೀನು ಎದುರು ಕೂತುಕೋ ಅಮ್ಮ," ಎಂದಳು ವಾರಿಜಕ್ಕ.

ಪರ್ಕಳ ದಾಟಿತು, ಹಿರಿಯಡ್ಕ ದಾಟಿತು. ಏರು ಬಂದಾಗಲೆಲ್ಲ ಗುಣವತಿಯಮ್ಮನ ಕೈ ಬುಟ್ಟಿ ಹಿಡಿಯಲು ತಲೆಗೆ ಹೋಗುತ್ತಿತ್ತು, ಬರೀ ಸಿಂಬಿ ಸಿಗುತ್ತಿತ್ತು. ಬೈಲೂರಿನ ಹತ್ತಿರ ಅದನ್ನು ತೆಗೆದು ಬಿಚ್ಚಿದರು. ಬಿಚ್ಚಿದರೆ ಅದೊಂದು ಮೈ ಒರೆಸುವ ಹಳೆಯ ಬೈರಾಸು, ಅಷ್ಟೇ. ಅದರಲ್ಲಿ ಕಣ್ಣು ಒರೆಸಿಕೊಂಡು, ಮಡಚಿ ಮಡಿಲಲ್ಲಿಟ್ಟು, ಮಗಳಿಗೆ ಬೈದರು:

"ಮೆಲ್ಲ ಬಿಡು ಮಾರಾಯ್ತಿ, ಹಿಂದೆ ಮೀನು ಉಂಟು."